ಹಳೆಯ ಚಿತ್ರ, ಹೊಸ ಅಚ್ಚು

ಕೆಲವು ವರ್ಷಗಳ ಹಿಂದಿನ ಮಾತು. ನಮಗೆ ಕನ್ನಡ ಕಲಿಸಿದ ಮೇಷ್ಟರೊಬ್ಬರ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳು ಐದಾರು ಮಂದಿ ಸೇರಿ ಒಂದು ಸ್ಮರಣ ಸಂಪುಟವನ್ನು ತರಲು ಹೊರಟೆವು. ಸಂಪುಟವೆಂದ ಮೇಲೆ ಲೇಖನಗಳ ಜೊತೆಗೆ ಚಿತ್ರಗಳೂ ಬೇಕಲ್ಲವೆ? ಆ ಹೊಣೆ ನನ್ನ ಪಾಲಿಗೆ ಬಂತು. ಜಯನಗರದ ಮೂರನೆಯ ಬ್ಲಾಕಿನಲ್ಲಿದ್ದ ಮೇಷ್ಟರ ಮನೆಗೆ ಹೋದೆ. ಅವರ ಶ್ರೀಮತಿಯವರು ನಡುಮನೆಯ ಗೋಡೆಯ ಮೇಲಿದ್ದ ಒಂದು ಗುಂಪುಚಿತ್ರವನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೈಗಿತ್ತರು. "ಅವರ ಹಳೇ ಪಟ ಅಂತ ಈ ಮನೇಲಿರೋದು ಇದೊಂದೇ ಕಣಪ್ಪ. ಜೋಪಾನವಾಗಿ ತಂದುಕೊಡು" ಎಂದರು. "ನಾಳೆ ಸಾಯಂಕಾಲದೊಳಗೆ ತಂದುಕೊಡ್ತೀನಮ್ಮ" ಎಂದು ಮಾತು ಕೊಟ್ಟು ಹೊರಟೆ.

ದಾರಿಯಲ್ಲಿ ಸಿಕ್ಕ ಮೊದಲ ಜೆರಾಕ್ಸ್ ಅಂಗಡಿಯ ಹಲಗೆಯ ಮೇಲೆ ಸ್ಕ್ಯಾನಿಂಗ್ ಎಂದು ಬರೆದಿತ್ತು. ಅಲ್ಲಿದ್ದ ಹುಡುಗನ ಕೈಗೆ ಚಿತ್ರವನ್ನು ಕೊಟ್ಟೆ. ಅವನು ಚೌಕಟ್ಟಿನ ಹಿಂದಿನ ಮೊಳೆಗಳನ್ನು ಕಿತ್ತು, ಗಾಜಿನಿಂದ ಚಿತ್ರವನ್ನು ಬಿಡಿಸಲು ಹೋದ. ಅದು ಅಂಟಿಕೊಂಡಿತ್ತು. ಕೊಂಚ ಬಲವಾಗಿ ಎಳೆದ. ಚಿತ್ರ ಬಂತು, ಮೇಷ್ಟರ ಎಡಗೆನ್ನೆಯ ಒಂದು ಚೂರು ಗಾಜಿನ ಮೇಲೆಯೇ ಉಳಿಯಿತು. ಆಮೇಲೆ ಕಂಪ್ಯೂಟರಿನಲ್ಲಿ ಆ ಕೆನ್ನೆಗೆ ತೇಪೆ ಹಾಕಿದ್ದಾಯಿತು, ಪುಸ್ತಕದ ಮೊದಲ ಪುಟದಲ್ಲಿ ಆ ಮುಖವನ್ನು ದೊಡ್ಡದಾಗಿ ಅಚ್ಚು ಹಾಕಿಸಿದ್ದೂ ಆಯಿತು. ಬಿಡುಗಡೆಯ ದಿನ ಪುಟ ತೆರೆದು ನೋಡಿದರೆ ಅಲ್ಲಿ ಮೇಷ್ಟರಿರಲಿಲ್ಲ. ಮಸಿಯ ಒಂದು ಮಬ್ಬು ಕಲೆ ಇತ್ತು.

ತಪ್ಪು ಆ ಹುಡುಗನದೆಂದು ನಾನು ಹೇಳಲಾರೆ. ಹತ್ತು ರೂಪಾಯಿ ಕೊಟ್ಟು, ಏತಕ್ಕೆ ಬೇಕು, ಎಷ್ಟು ದೊಡ್ಡದಾಗಿ ಬೇಕು, ಯಾವ ಕಾಗದದ ಮೇಲೆ ಅಚ್ಚಾಗುತ್ತದೆ ಎಂಬುದೊಂದನ್ನೂ ಹೇಳದೆ "ಒಂದು ಸ್ಕ್ಯಾನ್ ಮಾಡಿಕೊಡಪ್ಪ" ಎಂದವನು ನಾನು. ಆಧಾರ್ ಚೀಟಿಯನ್ನು ಹೇಗೆ ಸ್ಕ್ಯಾನ್ ಮಾಡುತ್ತಿದ್ದನೋ ಹಾಗೆಯೇ ಇದನ್ನೂ ಮಾಡಿದ. ಅಂದಿನಿಂದ ಈ ವಿದ್ಯೆಯನ್ನು ಬಲ್ಲವರ ಬಳಿ ಕುಳಿತು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಈಗ ನಿಮ್ಮ ಮುಂದಿಡುತ್ತೇನೆ. ಮನೆಯ ಹಿರಿಯರ ಚಿತ್ರಗಳನ್ನು ಪುಸ್ತಕಕ್ಕೆ ಏರಿಸಬೇಕೆನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ನನ್ನ ಕೈಯಿಂದಾದ ಪ್ರಮಾದ ಅವರಿಂದ ಆಗದಿರಲಿ.

ಗಾಜಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಕಪ್ಪು-ಬಿಳುಪು ಚಿತ್ರದ ಮೇಲ್ಮೈಯಲ್ಲಿರುವುದು ಜೆಲಟಿನ್ ಎಂಬ ಅಂಟಿನ ಪದರ. ಬೆಳ್ಳಿಯ ಕಣಗಳು ಅದರೊಳಗೆ ಕುಳಿತು ಚಿತ್ರವಾಗಿರುತ್ತವೆ. ಮಳೆಗಾಲದ ತೇವಕ್ಕೆ ಈ ಪದರ ಮೆತ್ತಗಾಗುತ್ತದೆ. ಗಾಜು ತಾಗಿಕೊಂಡಿದ್ದರೆ ಅದಕ್ಕೆ ಕಚ್ಚಿಕೊಂಡು ಒಣಗುತ್ತದೆ. ಹೀಗೆ ಹಲವು ಮಳೆಗಾಲಗಳನ್ನು ಕಂಡ ಚಿತ್ರವನ್ನು ಎಳೆದು ಬಿಡಿಸಲು ಹೋಗಲೇಬಾರದು. ಗಾಜಿನ ಸಮೇತವೇ ಅದನ್ನು ಮೇಲಿನಿಂದ, ಎರಡು ಪಕ್ಕಗಳಿಂದ ಓರೆಯಾಗಿ ಬೆಳಕು ಬಿಟ್ಟು, ಒಳ್ಳೆಯ ಕ್ಯಾಮರಾದಿಂದ ಪ್ರತಿ ತೆಗೆಯಬೇಕು. ಗಾಜಿನ ಹೊಳಪನ್ನು ತಡೆಯಲು ಸೋಸುಗಾಜುಗಳಿವೆ. ಈ ಒಂದು ಮಾತನ್ನು ಅಂದು ಯಾರಾದರೂ ನನಗೆ ಹೇಳಿದ್ದರೆ!

ಇನ್ನು ಅಚ್ಚಿನ ವಿಷಯ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದನ್ನು ನೀವು ಬಲ್ಲಿರಿ. ಕಲ್ಲಚ್ಚಾಗಲಿ, ಮೊಳೆಯಚ್ಚಾಗಲಿ, ಇಂದಿನ ಆಫ್‌ಸೆಟ್ ಆಗಲಿ, ಮುದ್ರಣಯಂತ್ರಕ್ಕೆ ಗೊತ್ತಿರುವುದು ಎರಡೇ: ಮಸಿ ಇದೆ, ಮಸಿ ಇಲ್ಲ. ನಡುವಣ ಬೂದುಬಣ್ಣ ಅದಕ್ಕೆ ತಿಳಿಯದು. ಮನುಷ್ಯನ ಮುಖವಾದರೋ ಬಹುಮಟ್ಟಿಗೆ ಈ ನಡುವಣ ಛಾಯೆಗಳಿಂದಲೇ ಆದದ್ದು. ಈ ತೊಡಕಿಗೆ ಪರಿಹಾರ ಕಂಡುಕೊಂಡವರು 1880ರ ದಶಕದಲ್ಲಿ ಮ್ಯೂನಿಕ್ಕಿನ ಮೈಸೆನ್‌ಬಾಖ್, ಅಮೆರಿಕದ ಐವ್ಸ್ ಮೊದಲಾದವರು. ಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರು. ಕಪ್ಪಿರುವಲ್ಲಿ ದಪ್ಪ ಚುಕ್ಕಿ, ತಿಳಿಯಾಗಿರುವಲ್ಲಿ ಸಣ್ಣ ಚುಕ್ಕಿ. ದೂರದಿಂದ ನೋಡುವ ಕಣ್ಣು ಅವನ್ನು ಬೆರೆಸಿಕೊಂಡು ಬೂದುಬಣ್ಣವೆಂದು ತಿಳಿಯುತ್ತದೆ. ನಮ್ಮ ಅಚ್ಚುಕೂಟಗಳಲ್ಲಿ ಹಾಫ್‌ಟೋನ್ ಬ್ಲಾಕ್ ಎಂದು ಕರೆಯುತ್ತಿದ್ದುದು ಇದನ್ನೇ. ಕಲ್ಕತ್ತೆಯಲ್ಲಿ ಕುಳಿತು ಈ ಚುಕ್ಕಿಗಳ ಗಣಿತವನ್ನು ಬಿಡಿಸಿ, ಲಂಡನ್ನಿನ ಪೆನ್‌ರೋಸ್ ವಾರ್ಷಿಕ ಸಂಚಿಕೆಗಳಲ್ಲಿ ಅದರ ಮೇಲೆ ಲೇಖನಗಳನ್ನು ಬರೆದವರು ಉಪೇಂದ್ರಕಿಶೋರ್ ರಾಯ್‌ಚೌಧುರಿ. ಮಕ್ಕಳ ಕಥೆಗಾರರೆಂದು ಹೆಸರಾದ ಅವರು ಸತ್ಯಜಿತ್ ರಾಯ್ ಅವರ ಅಜ್ಜ. ತಾವು ಬಿಡಿಸಿದ ಚಿತ್ರಗಳು ಅಚ್ಚಿನಲ್ಲಿ ಕೆಟ್ಟುಹೋದುದನ್ನು ಕಂಡು ನೊಂದೇ ಅವರು ಈ ಶಾಸ್ತ್ರಕ್ಕೆ ಕೈಹಾಕಿದ್ದು.

ಅಚ್ಚಿನ ಚುಕ್ಕಿ ಒಂದು. ಸ್ಕ್ಯಾನರ್ ಚಿತ್ರವನ್ನು ಓದಿಕೊಳ್ಳುವಾಗ ಮಾಡುವ ಬಿಂದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ರಂಗೋಲಿಯ ಚುಕ್ಕಿಗಳು ಸಾಲಾಗಿ ಇರುವಂತೆ ಅಚ್ಚಿನ ಚುಕ್ಕಿಗಳೂ ಸಾಲುಸಾಲಾಗಿರುತ್ತವೆ. ನುಣುಪಾದ ಆರ್ಟ್ ಪೇಪರಿನ ಮೇಲೆ ಅಂಗುಲಕ್ಕೆ 150ರಿಂದ 175 ಸಾಲು. ವೃತ್ತಪತ್ರಿಕೆಯ ಒರಟು ಕಾಗದದ ಮೇಲೆ 85ರಿಂದ 100 ಸಾಲು. ನಮ್ಮ ಬಹುಪಾಲು ಪುಸ್ತಕಗಳು ಅಚ್ಚಾಗುವ ಮ್ಯಾಪ್‌ಲಿತೋ ಇವೆರಡರ ನಡುವೆ. ಒಂದು ಸಾಲಿಗೆ ಸ್ಕ್ಯಾನಿನ ಒಂದೂವರೆಯಿಂದ ಎರಡು ಬಿಂದುಗಳು ಒದಗಬೇಕೆಂಬುದು ಮುದ್ರಕರ ಲೆಕ್ಕ. ಅಂಗುಲಕ್ಕೆ 300 ಬಿಂದು ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಓಡಾಡುವುದು ಇದರಿಂದಲೇ.

ಆದರೆ ಆ 300 ಯಾವ ಅಂಗುಲಕ್ಕೆ? ಮೂಲಚಿತ್ರದ ಅಂಗುಲಕ್ಕಲ್ಲ, ಅಚ್ಚಾದ ಚಿತ್ರದ ಅಂಗುಲಕ್ಕೆ. ನಾನು ಎಡವಿದ್ದು ಇಲ್ಲಿಯೇ. ನಮ್ಮ ಗುಂಪುಚಿತ್ರದ ಅಗಲ 12 ಅಂಗುಲ. ಅದರಲ್ಲಿ ಮೇಷ್ಟರ ಮುಖ ಅರ್ಧ ಅಂಗುಲ. ಅಂಗಡಿಯ ಹುಡುಗ ಅಂಗುಲಕ್ಕೆ 200 ಬಿಂದುಗಳಂತೆ ಓದಿಸಿದ್ದ. ಅಂದರೆ ಮುಖದ ಅಗಲಕ್ಕೆ ದಕ್ಕಿದ್ದು 100 ಬಿಂದು. ನಾವು ಆ ಮುಖವನ್ನು ಮೂರಂಗುಲಕ್ಕೆ ಹಿಗ್ಗಿಸಿ ಅಚ್ಚು ಹಾಕಿಸಿದೆವು. ಅಂಗುಲಕ್ಕೆ 300 ಬೇಕಾಗಿದ್ದಲ್ಲಿ ಸುಮಾರು 33 ಬಿಂದುಗಳು! 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬಾತ ತನ್ನ ಮೂರು ತಿಂಗಳ ಮಗುವಿನ ಚಿತ್ರವನ್ನು ಕಂಪ್ಯೂಟರಿಗೆ ಓದಿಸಿದ. ಲೋಕದ ಮೊದಲ ಡಿಜಿಟಲ್ ಸ್ಕ್ಯಾನ್ ಎಂದು ಅದನ್ನು ಹೇಳುತ್ತಾರೆ. ಆ ಚಿತ್ರದ ಅಗಲಕ್ಕೆ 176 ಬಿಂದುಗಳಿದ್ದವು. ಅಷ್ಟು ಹಿಂದಿನ ಆ ಕೂಸಿನ ಚಿತ್ರಕ್ಕೆ ದೊರೆತ ಭಾಗ್ಯವೂ ನಮ್ಮ ಮೇಷ್ಟರ ಮುಖಕ್ಕೆ ದೊರೆಯಲಿಲ್ಲ.

ಆದುದರಿಂದ ಲೆಕ್ಕ ಹೀಗೆ: ಚಿತ್ರ ಎಷ್ಟು ಪಟ್ಟು ಹಿಗ್ಗಬೇಕೋ ಅಷ್ಟರಿಂದ 300ನ್ನು ಗುಣಿಸಿರಿ. ಇದ್ದಷ್ಟೇ ಅಳತೆಯಲ್ಲಿ ಅಚ್ಚಾಗುವುದಾದರೆ 300 ಸಾಕು, ಎರಡು ಪಟ್ಟಾದರೆ 600. ಮೂವತ್ತೈದು ಮಿಲಿಮೀಟರಿನ ನೆಗೆಟಿವ್ ಒಂದೂವರೆ ಅಂಗುಲವೂ ಇಲ್ಲ. ಅದನ್ನು ಒಂಬತ್ತಂಗುಲಕ್ಕೆ ಹಿಗ್ಗಿಸಬೇಕಾದರೆ ಸುಮಾರು 1900 ಬೇಕು. ಹಾಗೆಂದು ಸಂಖ್ಯೆಯನ್ನು ಮನಬಂದಂತೆ ಏರಿಸಿದರೆ ಚಿತ್ರ ಚೆನ್ನಾಗುತ್ತದೆಂದು ತಿಳಿಯಬಾರದು. ಸ್ಟುಡಿಯೋದಲ್ಲಿ ಹಿಗ್ಗಿಸಿ ತೆಗೆದ ಕಾಗದದ ಪ್ರತಿಯಲ್ಲಿ ಅಂಗುಲಕ್ಕೆ 300, ಹೆಚ್ಚೆಂದರೆ 600 ಬಿಂದುಗಳಷ್ಟು ವಿವರ ಇದ್ದೀತು. ಅದರಾಚೆ ಓದಿಸಿದರೆ ದೊರೆಯುವುದು ಕಾಗದದ ನಾರು ಮತ್ತು ಧೂಳು. ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ 4800, 6400 ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಮೇಜಿನ ಮೇಲಿಡುವ ಸಾಮಾನ್ಯ ಯಂತ್ರಗಳಲ್ಲಿ ನಿಜವಾಗಿ ಒದಗುವ ಸೂಕ್ಷ್ಮತೆ ಹಲವು ವೇಳೆ ಅದರ ಅರ್ಧಕ್ಕೂ ಕಡಿಮೆ. ಯಂತ್ರ ತಾನು ಕಾಣದ ಬಿಂದುಗಳನ್ನು ಅಕ್ಕಪಕ್ಕದವುಗಳಿಂದ ಊಹಿಸಿ ತುಂಬುವುದೂ ಉಂಟು. ಅಂಥ ಊಹೆಯ ಸಂಖ್ಯೆಯನ್ನು ಕೇಳಿ ಮೋಸಹೋಗದೆ, ಮಸೂರಕ್ಕೆ ನಿಜವಾಗಿ ಕಾಣುವುದೆಷ್ಟೆಂದು ಕೇಳಬೇಕು.

ಬಿಂದುಗಳ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಕತ್ತಲೆಯ ಲೆಕ್ಕವನ್ನು ಕೇಳುವವರು ವಿರಳ. ನನ್ನ ಅನುಭವದಲ್ಲಿ ಒಳ್ಳೆಯ ಸ್ಕ್ಯಾನಿಗೂ ಕೆಟ್ಟ ಸ್ಕ್ಯಾನಿಗೂ ಇರುವ ಅಂತರ ಹೆಚ್ಚಾಗಿ ಕಾಣುವುದು ಕತ್ತಲಿರುವ ಭಾಗಗಳಲ್ಲಿ. ಕಪ್ಪು ಕೋಟಿನ ಮಡಿಕೆ, ಕೂದಲ ಎಳೆ, ಹಿಂದಿನ ಬಾಗಿಲಿನ ನೆರಳು ಇವೆಲ್ಲ ಒಂದೇ ಮಸಿಯ ಮುದ್ದೆಯಾಗಿಬಿಟ್ಟರೆ ಚಿತ್ರ ಸತ್ತಂತೆಯೇ. ಕಾಗದದ ಪ್ರತಿಯಲ್ಲಿ ಅತ್ಯಂತ ಕಪ್ಪಾದ ಭಾಗವೂ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲೊಂದು ಪಾಲನ್ನು ಹಿಂದಿರುಗಿಸುತ್ತದೆ. ಬಣ್ಣದ ಸ್ಲೈಡಿನ ಗಾಢವಾದ ಭಾಗವಾದರೆ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಬೆಳಕನ್ನು ಹಾಯಗೊಡುತ್ತದೆ. ಕಾಗದದ ಚಿತ್ರಕ್ಕೆ ಒಳ್ಳೆಯ ಚಪ್ಪಟೆ ಸ್ಕ್ಯಾನರ್ ಸಾಕು, ಸ್ಲೈಡಿಗೆ ಮತ್ತು ನೆಗೆಟಿವ್‌ಗೆ ಅವಕ್ಕೆಂದೇ ಮಾಡಿದ ಯಂತ್ರ ಬೇಕು ಎನ್ನುವುದು ಈ ಕಾರಣದಿಂದ. ಒಂದು ಕಾಲಕ್ಕೆ ಜರ್ಮನಿಯ ರುಡಾಲ್ಫ್ ಹೆಲ್ ಮತ್ತು ಇಂಗ್ಲೆಂಡಿನ ಕ್ರಾಸ್‌ಫೀಲ್ಡ್ ಸಂಸ್ಥೆಗಳ ಉರುಳೆ ಸ್ಕ್ಯಾನರುಗಳು ಈ ಕೆಲಸಕ್ಕೆ ಹೆಸರಾಗಿದ್ದವು. ಚಿತ್ರವನ್ನು ಪಾರದರ್ಶಕ ಉರುಳೆಯ ಮೇಲೆ ಸುತ್ತಿ, ಗಿರ್ರನೆ ತಿರುಗಿಸಿ, ಬಿಂದು ಬಿಂದುವಾಗಿ ಬೆಳಕನ್ನು ಅಳೆಯುತ್ತಿದ್ದವು. ಇಂದು ಆ ಯಂತ್ರಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಗಿದೆ. ಅಲ್ಲದೆ ಉರುಳೆಗೆ ಸುತ್ತಿದರೆ ಸೀಳುವಂಥ ಹಳೆಯ ಕಾಗದವನ್ನು ಅವುಗಳ ಬಾಯಿಗೆ ಕೊಡುವುದು ತರವೂ ಅಲ್ಲ.

ಯಾವ ಮೂಲಕ್ಕೆ ಯಾವ ಬಗೆ ಎಂಬುದನ್ನು ಕೆಲವು ಉದಾಹರಣೆಗಳಿಂದ ನೋಡೋಣ. ಕೆ. ಕೆ. ಹೆಬ್ಬಾರರ ರೇಖಾಚಿತ್ರವೊಂದನ್ನು ಪುಸ್ತಕಕ್ಕೆ ತೆಗೆದುಕೊಳ್ಳಬೇಕೆನ್ನಿ. ಅಲ್ಲಿ ಬೂದುಬಣ್ಣವೇ ಇಲ್ಲ. ಒಂದು ಗೆರೆ, ಅದರ ಬಳುಕು, ಅಷ್ಟೆ. ಅದನ್ನು ಚುಕ್ಕಿಗಳಾಗಿ ಒಡೆದರೆ ಗೆರೆಯ ಅಂಚು ಗರಗಸದಂತಾಗುತ್ತದೆ. ಹಿಂದೆ ಇದಕ್ಕೆ ಲೈನ್ ಬ್ಲಾಕ್ ಎಂಬುದೇ ಬೇರೆ ಇತ್ತು. ಇಂದು ಅಚ್ಚಿನ ಅಂಗುಲಕ್ಕೆ 1200 ಬಿಂದುಗಳಂತೆ, ಬರಿಯ ಕಪ್ಪು-ಬಿಳಿಯಾಗಿ ಓದಿಸಬೇಕು. ಇದಕ್ಕೆ ತದ್ವಿರುದ್ಧವಾದದ್ದು ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್‌ಗಳ ಜಲವರ್ಣ ಚಿತ್ರಗಳು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಲ್ಲಿ ಅವನ್ನು ನೋಡಿದವರು ಆ ಮಂಜಿನ ತೆಳುವನ್ನು ಮರೆಯಲಾರರು. ಬಿಳಿಗೂ ಬಿಳಿಗೂ ನಡುವೆ ಅಲ್ಲಿ ಎಷ್ಟೊಂದು ಮೆಟ್ಟಿಲು! ಸ್ಕ್ಯಾನರಿನ ತಾನೇತಾನಾಗಿ ತಿದ್ದುವ ಗುಂಡಿಯನ್ನು ಒತ್ತಿದರೆ ಆ ಮೆಟ್ಟಿಲುಗಳೆಲ್ಲ ಕುಸಿದು ಬಿಳಿಯ ಬಯಲಾಗುತ್ತದೆ. ಇಂಥ ಚಿತ್ರವನ್ನು ಗಾಜಿನ ಮೇಲೆ ಬೋರಲು ಹಾಕುವುದೂ ಸಲ್ಲದು. ಕ್ಯಾಮರಾವೇ ಅದಕ್ಕೆ ತಕ್ಕದ್ದು.

ಮೈಸೂರು ಸಂಪ್ರದಾಯದ ಚಿತ್ರಗಳ ಪಾಡು ಇನ್ನೊಂದು ಬಗೆ. ಅವುಗಳಲ್ಲಿ ಉಬ್ಬಿಸಿದ ಮೇಲ್ಮೈಗೆ ಚಿನ್ನದ ರೇಕು ಹಚ್ಚಿರುತ್ತಾರೆ. ಸ್ಕ್ಯಾನರಿನ ದೀಪ ಓರೆಯಾಗಿ ಬೆಳಕು ಬಿಡುತ್ತದೆ. ಚಿನ್ನವು ಕನ್ನಡಿಯಂತೆ ಆ ಬೆಳಕನ್ನು ಅತ್ತಕಡೆಗೆ ಎಸೆದುಬಿಡುತ್ತದೆ. ಯಂತ್ರದ ಕಣ್ಣಿಗೆ ಅದು ತಲುಪುವುದೇ ಇಲ್ಲ. ಫಲವಾಗಿ ದೇವಿಯ ಕಿರೀಟವೂ ಕಂಠೀಹಾರವೂ ಕಂದು-ಕಪ್ಪಾಗಿ ಕಾಣುತ್ತವೆ. ಕ್ಯಾಲೆಂಡರುಗಳಲ್ಲಿ ಇಂಥ ಕಪ್ಪು ಚಿನ್ನವನ್ನು ನೀವೂ ಕಂಡಿರಬಹುದು. ದೀಪಗಳನ್ನು ಬೇಕಾದಂತೆ ಸರಿಸಿಕೊಳ್ಳಬಲ್ಲ ಛಾಯಾಗ್ರಾಹಕನ ಹೊರತು ಇದಕ್ಕೆ ಬೇರೆ ಮದ್ದಿಲ್ಲ.

ಟಿ. ಎಸ್. ಸತ್ಯನ್ ಅವರ ತಲೆಮಾರಿನವರು ತೆಗೆದಂಥ ಕಪ್ಪು-ಬಿಳುಪು ನೆಗೆಟಿವ್‌ಗಳು ಮನೆಯಲ್ಲಿದ್ದರೆ ಅವನ್ನು ನಿಧಿಯೆಂದೇ ತಿಳಿಯಬೇಕು. ಕಾಗದದ ಪ್ರತಿಗಿಂತ ಅವುಗಳಲ್ಲಿ ವಿವರ ಹೆಚ್ಚು. ಆದರೆ ಒಂದು ಎಚ್ಚರಿಕೆ. ಧೂಳನ್ನೂ ಗೀರನ್ನೂ ಅತಿಗೆಂಪು ಬೆಳಕಿನಿಂದ ಗುರುತಿಸಿ ಅಳಿಸುವ ಒಂದು ಸೌಲಭ್ಯ ಈ ಯಂತ್ರಗಳಲ್ಲಿದೆ. ಬಣ್ಣದ ಫಿಲ್ಮಿಗೆ ಅದು ವರ. ಕಪ್ಪು-ಬಿಳುಪು ಫಿಲ್ಮಿನಲ್ಲಿರುವ ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಧೂಳೆಂದು ಬಗೆದು ಅಳಿಸತೊಡಗುತ್ತದೆ. ಅಲ್ಲಿ ಮೆತ್ತನೆಯ ಕುಂಚ, ಗಾಳಿಯ ಬುರುಡೆ, ತಾಳ್ಮೆ ಈ ಮೂರೇ ಗತಿ. ಎಪ್ಪತ್ತು-ಎಂಬತ್ತರ ದಶಕಗಳ ಬಣ್ಣದ ಪ್ರತಿಗಳು ಕೆಂಪಗಾಗಿರುವುದನ್ನು ಎಲ್ಲರ ಮನೆಯ ಆಲ್ಬಮ್ಮಿನಲ್ಲೂ ನೋಡಬಹುದು. ಅವುಗಳ ನೀಲಿ ಛಾಯೆಯ ಬಣ್ಣ ಮೊದಲು ಅಳಿದುಹೋಗುತ್ತದೆ. ಅದನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ತರಬಹುದು, ಆದರೆ ಅದಕ್ಕೆ ಬಿಂದುವಿನ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳ ಬದಲು 65,536 ಮೆಟ್ಟಿಲುಗಳುಳ್ಳ ಹದಿನಾರು ಬಿಟ್ಟಿನ ಸ್ಕ್ಯಾನ್ ಬೇಕು. ಆ ಕಾಲದ ರೇಷ್ಮೆ ನೇಯ್ಗೆಯಂಥ ಕಾಗದ ಬೇರೆ ತಲೆನೋವು. ಚಪ್ಪಟೆ ಸ್ಕ್ಯಾನರಿನಲ್ಲಿ ಮುಖದ ತುಂಬ ಜೇನುಗೂಡಿನ ಕಣ್ಣುಗಳು ಮೂಡುತ್ತವೆ.

ಅಚ್ಚಾದ ಪುಸ್ತಕದಿಂದಲೇ ಚಿತ್ರ ತೆಗೆಯುವ ಅಭ್ಯಾಸದ ಬಗ್ಗೆ ಎರಡು ಮಾತು ಹೇಳದಿರಲಾರೆ. ಅಚ್ಚಾದ ಚಿತ್ರ ಆಗಲೇ ಚುಕ್ಕಿಗಳಾಗಿ ಒಡೆದಿರುತ್ತದೆ. ಅದನ್ನು ಮತ್ತೆ ಸ್ಕ್ಯಾನ್ ಮಾಡಿ ಮತ್ತೆ ಚುಕ್ಕಿಯಾಗಿಸಿದರೆ, ಒಂದು ರಂಗೋಲಿಯ ಮೇಲೆ ಇನ್ನೊಂದನ್ನು ಓರೆಯಾಗಿ ಇಟ್ಟಂತಾಗಿ ಅಲೆ ಅಲೆಯ ಕೊಳಕು ವಿನ್ಯಾಸವೊಂದು ಮೇಲೇಳುತ್ತದೆ. ಆ ಚುಕ್ಕಿಗಳನ್ನು ಕರಗಿಸುವ ಉಪಾಯಗಳಿವೆ, ಆದರೆ ಅವು ಮುಖದ ರೇಖೆಗಳನ್ನೂ ಒಂದಿಷ್ಟು ಕರಗಿಸುತ್ತವೆ. ನಮ್ಮ ಬಸವನಗುಡಿ, ಗವಿಪುರಗಳಲ್ಲಿ ಬಾಳಿದ ಡಿ.ವಿ.ಜಿ., ಮಾಸ್ತಿ ಅಂಥವರ ಮುಖಗಳನ್ನು ಶಾಲೆಯ ಗೋಡೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ ನೋಡುವಾಗ ನನಗೆ ಕಸಿವಿಸಿಯಾಗುತ್ತದೆ. ಅವೇ ನಾಲ್ಕಾರು ಚಿತ್ರಗಳು, ಪ್ರತಿಯ ಪ್ರತಿಯ ಪ್ರತಿ. ಒಂದೊಂದು ತಲೆಮಾರಿಗೂ ಕಣ್ಣು ಕೊಂಚ ಹೆಚ್ಚು ಗುಳಿಬಿದ್ದು, ತುಟಿ ಒಂದು ಗೆರೆಯಾಗಿ, ಕೊನೆಗೆ ರುಮಾಲು ಕನ್ನಡಕಗಳಿಂದಷ್ಟೇ ಗುರುತು ಹಿಡಿಯುವಂತಾಗುತ್ತದೆ. ಈಚೆಗೆ ವಾಟ್ಸ್ಆ್ಯಪ್ಪಿನಲ್ಲಿ ಬಂದ ಚಿತ್ರವನ್ನೇ ಅಚ್ಚಿಗೆ ಕಳಿಸುವವರಿದ್ದಾರೆ. ಆ ದಾರಿಯಲ್ಲಿ ಬರುವಾಗ ಚಿತ್ರ ಹಿಂಡಿದ ಕಬ್ಬಿನಂತಾಗಿರುತ್ತದೆ. ಎಂಟು ಹತ್ತು ಅಂಗುಲದ ಬಣ್ಣದ ಪುಟವೊಂದಕ್ಕೆ ಬೇಕಾದ ಬಿಂದುಗಳು 72 ಲಕ್ಷ. ಹಿಂಡದೆ ಇಟ್ಟರೆ ಸುಮಾರು 21 ಮೆಗಾಬೈಟು. ನಿಮ್ಮ ಕೈಗೆ ಬಂದ ಕಡತ ಇನ್ನೂರು ಕಿಲೋಬೈಟು ಇದ್ದರೆ ಅದರ ಯೋಗ್ಯತೆಯನ್ನು ನೀವೇ ಅಳೆಯಬಹುದು. ಟಿಫ್ ಎಂಬ ಬಗೆಯಲ್ಲಿ ಕೊಡಿರೆಂದು ಕೇಳಿ. ಜೆಪೆಗ್ ಎಂಬುದು ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಏನನ್ನೋ ಕಳೆಯುತ್ತದೆ.

ಬಣ್ಣದ ಚಿತ್ರವಾದರೆ ಇನ್ನೊಂದು ಸೂಕ್ಷ್ಮವಿದೆ. ಸ್ಕ್ಯಾನರ್ ಕಾಣುವುದು ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ. ಅಚ್ಚಾಗುವುದು ನಾಲ್ಕು ಮಸಿಗಳಲ್ಲಿ. ಈ ಮತಾಂತರವನ್ನು ಆತುರದಿಂದ ಮಾಡಿಸಬಾರದು. ಕಾಗದ ಯಾವುದು, ಯಂತ್ರ ಯಾವುದು ಎಂದು ಗೊತ್ತಾದ ಮೇಲೆ ಕಡೆಯ ಹಂತದಲ್ಲಿ ಮಾಡಿಸಬೇಕು. ಆರ್ಟ್ ಪೇಪರು ಹೊರಬಲ್ಲಷ್ಟು ಮಸಿಯನ್ನು ವೃತ್ತಪತ್ರಿಕೆಯ ಕಾಗದ ಹೊರಲಾರದು. ಮ್ಯಾಪ್‌ಲಿತೋ ಕೂಡ ಮಸಿಯನ್ನು ಹೀರಿ ಚುಕ್ಕಿಗಳನ್ನು ಹಿಗ್ಗಿಸುತ್ತದೆ; ಪರದೆಯ ಮೇಲೆ ಸರಿಯಾಗಿ ಕಂಡದ್ದು ಪುಟದ ಮೇಲೆ ಕಪ್ಪಾಗುತ್ತದೆ. ಅದೇ ಕಾಗದದ ಮೇಲೆ ಒಂದು ಕರಡಚ್ಚು ತೆಗೆಸಿ ನೋಡದೆ ಸಾವಿರ ಪ್ರತಿಗೆ ಅಪ್ಪಣೆ ಕೊಡಬೇಡಿ.

ಹಾಗಾದರೆ ಯಾರ ಬಳಿಗೆ ಹೋಗಬೇಕು? ಬಿ.ಟಿ.ಎಂ. ಬಡಾವಣೆಯಿಂದ ಬನಶಂಕರಿಯವರೆಗೆ, ಜೆ.ಪಿ. ನಗರದ ಒಂದೊಂದು ಹಂತದಲ್ಲೂ, ಸ್ಕ್ಯಾನಿಂಗ್ ಎಂಬ ಹಲಗೆಗಳಿಗೆ ಬರವಿಲ್ಲ. ಯಂತ್ರದ ಹೆಸರು ಕೇಳಿ ನಿರ್ಧರಿಸುವುದು ನಮ್ಮಂಥವರಿಂದ ಆಗದ ಕೆಲಸ. ನಾನು ಕಂಡುಕೊಂಡ ಉಪಾಯ ಬೇರೆ. ನಾವು ಅವರನ್ನು ಕೇಳುವುದಕ್ಕಿಂತ ಅವರು ನಮ್ಮನ್ನು ಏನು ಕೇಳುತ್ತಾರೆಂಬುದನ್ನು ಗಮನಿಸಬೇಕು. ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆ, ಯಾವ ಕಾಗದ, ನೆಗೆಟಿವ್ ಇದೆಯೇ ಎಂದು ಕೇಳಿದವನು ಕೆಲಸ ಬಲ್ಲವನು. ಚಿತ್ರವನ್ನು ಮುಟ್ಟುವ ಮೊದಲು ಅವನು ಕೈ ತೊಳೆದನೆ, ಗಾಜು ಒರೆಸಿದನೆ ಎಂಬುದನ್ನೂ ನೋಡಿ. ಚೌಕಾಸಿ ಮಾಡುವುದಿದ್ದರೆ ಬೇರೆ ಕಡೆ ಮಾಡೋಣ. ಪುಸ್ತಕದ ಕಾಗದಕ್ಕೂ ರಟ್ಟಿಗೂ ಸಾವಿರಾರು ರೂಪಾಯಿ ಸುರಿದು, ಚಿತ್ರಕ್ಕೆ ನೂರಿನ್ನೂರು ಹೆಚ್ಚಾಯಿತೆಂದು ಹಿಂದೆಗೆಯುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬನಾಗಿದ್ದೆನಲ್ಲ.

ಮೇಷ್ಟರ ಶ್ರೀಮತಿಯವರಿಗೆ ಒಡೆದ ಕೆನ್ನೆಯ ಚಿತ್ರವನ್ನು ಹಿಂದಿರುಗಿಸಿದ ಸಾಯಂಕಾಲವನ್ನು ನಾನು ಬಣ್ಣಿಸಲಾರೆ. ಅವರು ಒಂದು ಮಾತೂ ಆಡಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಎರಡು ವರ್ಷಗಳ ಮೇಲೆ ಸಂಪುಟದ ಎರಡನೆಯ ಮುದ್ರಣದ ಮಾತು ಬಂದಾಗ ಅವರೇ ದೂರವಾಣಿಯಲ್ಲಿ, "ತಿಪಟೂರಿನಲ್ಲಿ ನಮ್ಮ ನಾದಿನಿ ಪೆಟ್ಟಿಗೇಲಿ ಒಂದು ಚಿಕ್ಕ ಪಟ ಸಿಕ್ಕಿದೆಯಂತೆ, ಹೋಗಿ ನೋಡ್ತೀಯೇನಪ್ಪ?" ಎಂದರು. ಹೋದೆ. ಪೆಟ್ಟಿಗೆ ಕ್ಯಾಮರಾದಲ್ಲಿ ತೆಗೆದ, ಎರಡೂಕಾಲು ಅಂಗುಲ ಅಗಲದ ಒಂದು ಪ್ರತಿ. ಹಿಗ್ಗಿಸದೆ, ನೆಗೆಟಿವನ್ನು ಕಾಗದಕ್ಕೆ ಒತ್ತಿಯೇ ತೆಗೆದದ್ದು. ಇಂಥ ಒತ್ತುಪ್ರತಿಗಳಲ್ಲಿ ನೋಟಕ್ಕೆ ನಿಲುಕದಷ್ಟು ವಿವರ ಅಡಗಿರುತ್ತದೆಂದು ಆ ವೇಳೆಗೆ ನನಗೆ ತಿಳಿದಿತ್ತು. ಪುಸ್ತಕದಲ್ಲಿ ಅದು ಎರಡು ಪಟ್ಟು ಹಿಗ್ಗಬೇಕಿತ್ತು. 600 ಸಾಕಾಗಿತ್ತಾದರೂ 1200ರಲ್ಲಿ, ಹದಿನಾರು ಬಿಟ್ಟಿನಲ್ಲಿ, ಯಾವ ತಿದ್ದುವ ಗುಂಡಿಯನ್ನೂ ಒತ್ತದೆ ಓದಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೂಲವನ್ನು ಅಂದೇ ಲಕೋಟೆಯಲ್ಲಿಟ್ಟು ಕೊಂಡು ಬಂದೆ.

ಎರಡನೆಯ ಮುದ್ರಣದ ಪ್ರತಿಯನ್ನು ಅಮ್ಮನವರ ಕೈಗೆ ಕೊಟ್ಟೆ. ಅವರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೇಷ್ಟರ ಕನ್ನಡಕದ ಬಲಗಡ್ಡಿಯ ಬಳಿ ಬೆರಳಿಟ್ಟು, "ಈ ದಾರ ನಾನು ಕಟ್ಟಿದ್ದು ಕಣಪ್ಪ. ಗಡ್ಡಿ ಮುರಿದಿತ್ತು. ಹೊಸದು ಕೊಂಡುಕೊಳ್ಳಿ ಅಂದ್ರೆ ಕೇಳ್ತಿರಲಿಲ್ಲ" ಎಂದರು. ನಾನು ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ದಾರವಿತ್ತು, ಅದರ ಗಂಟೂ ಕಾಣುತ್ತಿತ್ತು.

ಆ ಕಡತದ ಮೂರು ಪ್ರತಿಗಳನ್ನು ಮೂರು ಕಡೆ ಇಟ್ಟಿದ್ದೇವೆ. ಒಂದು ನನ್ನ ಬಳಿ, ಒಂದು ಮೇಷ್ಟರ ಮಗನ ಬಳಿ, ಮತ್ತೊಂದು ತಿಪಟೂರಿನಲ್ಲಿ, ಮೂಲಚಿತ್ರವಿರುವ ಅದೇ ಪೆಟ್ಟಿಗೆಯಲ್ಲಿ.